ಅಪ್ಪಯ್ಯನ ಪಿನ್ನು, ಮಗನ ಗನ್ನು

ಬ್ರಹ್ಮಾವರದಿಂದ ಶಿರೂರಿನವರೆಗೆ, ಹೆದ್ದಾರಿ 66ರ ಆಚೀಚೆ ಯಾವ ಮನೆಯ ಜಗಲಿಯಲ್ಲಿ ಕೂತರೂ ಬೆಲ್ಲ ನೀರು ಬಂದ ಬೆನ್ನಿಗೇ ಒಂದು ದೂರು ಬರುತ್ತದೆ: "ಎಂತ ಮಾಡುದ್ ಮಾರಾಯ್ರೆ, ನಮ್ಮನಿ ಗಂಡ್ ಮೊಬೈಲ್ ಬಿಟ್ಟ್ ಏಳುದೇ ಇಲ್ಲ." ಹೇಳುವವರ ಧ್ವನಿಯಲ್ಲಿ ಸಂಕಟ ಇರುತ್ತದೆ, ಸುಳ್ಳಲ್ಲ. ಆದರೆ ಕಣ್ಣು ಮಾತ್ರ ನಮ್ಮ ಮುಖದ ಮೇಲೆ ಇರುವುದಿಲ್ಲ. ಬಲಗೈ ಹೆಬ್ಬೆರಳು ಯಾರದೋ ಮದುವೆಯ ಮೆಹಂದಿ ಡ್ಯಾನ್ಸನ್ನು ಮೇಲಕ್ಕೆ ತಳ್ಳಿ, ಇನ್ಯಾರದೋ ಮೀನು ಸಾರನ್ನು ಕೆಳಗಿನಿಂದ ಎಳೆದುಕೊಳ್ಳುತ್ತಿರುತ್ತದೆ. ದೂರಿಗೆ ಒಳಗಾದ ಗಂಡು ಒಳಕೋಣೆಯಲ್ಲಿದ್ದಾನೆ. ಅವನು ಕನಿಷ್ಠ ಒಬ್ಬ ಶತ್ರುವಿನ ಮುಖವನ್ನಾದರೂ ದಿಟ್ಟಿಸಿ ನೋಡುತ್ತಿದ್ದಾನೆ.

ಈ ಮಗುವಿಗೆ ಮೊಬೈಲಿನ ಉಪನಯನ ಆದದ್ದು ಯಾವಾಗ? ಎಂಟನೇ ತಿಂಗಳಲ್ಲಿ, ಗಂಜಿಯ ಮೊದಲ ಚಮಚದೊಟ್ಟಿಗೆ. ಬಾಯಿ ತೆರೆಯಬೇಕಾದರೆ ಎದುರಿಗೆ ಹಸಿರು ಬಸ್ಸಿನ ಚಕ್ರ ತಿರುಗಬೇಕು, ನೀಲಿ ಬೆಕ್ಕು ಕುಣಿಯಬೇಕು. ಮೊದಲೆಲ್ಲ ಈ ಕೆಲಸಕ್ಕೆ ಅಂಗಳದ ಕಾಗೆ ಇತ್ತು, ಹಟ್ಟಿಯ ಕರು ಇತ್ತು; ಸಂಬಳ ಸಾರಿಗೆ ಇಲ್ಲದೆ ದುಡಿದ ಅವರನ್ನು ನಾವೇ ಕೆಲಸದಿಂದ ತೆಗೆದದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿ, ಎರಡು ವರ್ಷ ತುಂಬುವವರೆಗೆ ಪರದೆಯೇ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದಿತು. ಪಾಪ, ಜಿನೀವಾದಲ್ಲಿ ಕೂತವರಿಗೆ ನಮ್ಮ ಮನೆಯ ಮಗುವಿಗೆ ಗಂಜಿ ಉಣ್ಣಿಸುವ ಕಷ್ಟ ಎಲ್ಲಿ ಗೊತ್ತಿರಬೇಕು! ಹೀಗೆ ಎಂಟನೇ ತಿಂಗಳಿಗೆ ನಾವೇ ಕೈಗಿಟ್ಟದ್ದನ್ನು ಎಂಟನೇ ಕ್ಲಾಸಿನಲ್ಲಿ ಕಂಡು ಹೌಹಾರುತ್ತೇವೆ: "ಇವನಿಗೆ ಈ ಚಟ ಎಲ್ಲಿಂದ ಹತ್ತಿತೋ ದೇವರೇ ಬಲ್ಲ."

ದೇವರಿಗಿಂತ ಮೊದಲು ಶಾಲೆಯವರು ಬಲ್ಲರು. 2020ರ ಮೊದಲು ಶಾಲೆಗೆ ಮೊಬೈಲು ತಂದರೆ ಅಪ್ಪ ಅಮ್ಮನನ್ನು ಕರೆಸುತ್ತಿದ್ದರು. ಕೊರೊನಾ ಬಂದದ್ದೇ, ಮೊಬೈಲು ಇಲ್ಲದಿದ್ದರೆ ಅಪ್ಪ ಅಮ್ಮನಿಗೆ ಫೋನು ಮಾಡತೊಡಗಿದರು. ಅಮಾಸೆಬೈಲು, ಹಳ್ಳಿಹೊಳೆಯಂಥ ಘಟ್ಟದ ಬುಡದ ಊರುಗಳಲ್ಲಿ ಪಾಠ ಕೇಳಬೇಕಾದರೆ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾಯಿತು. ಸಾಲ ಮಾಡಿ ತಂದ ಮೊಬೈಲು, ಮಳೆಗೆ ಕೊಡೆ, ಗುಡ್ಡದ ತುದಿಯಲ್ಲಿ ಎರಡು ಕಡ್ಡಿ ಸಿಗ್ನಲ್ಲು, ಸುತ್ತ ಹೇಳುವವರು ಕೇಳುವವರು ಯಾರೂ ಇಲ್ಲ. ಆಟ ಕಲಿಯಲು ಇದಕ್ಕಿಂತ ಒಳ್ಳೆಯ ಗುರುಕುಲವನ್ನು ಯಾವ ಕಂಪನಿಯೂ ಕಟ್ಟಿಕೊಡಲಾರದು. ಕೊರೊನಾ ಹೋಯಿತು. ಹೋಮ್‌ವರ್ಕ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಉಳಿಯಿತು. ಈಗ "ಅಮ್ಮ, ಹೋಮ್‌ವರ್ಕ್ ಬಂದಿತ್ತಾ ಕಾಣ್ಕ್, ಮೊಬೈಲ್ ಕೊಡ್" ಅಂದರೆ ಯಾವ ತಾಯಿ ಇಲ್ಲ ಅಂದಾಳು? ಹೋಮ್‌ವರ್ಕ್ ಕಾಣಲು ಒಂದು ನಿಮಿಷ. ಕಂಡ ಸುಸ್ತು ಆರಲು ಒಂದೂವರೆ ಗಂಟೆ.

ಇನ್ನು ಅಪ್ಪಯ್ಯ. ನಮ್ಮ ಸೀಮೆಯ ಎಷ್ಟೋ ಅಪ್ಪಂದಿರು ಊರಲ್ಲಿಲ್ಲ. ಬೆಂಗಳೂರಿನಲ್ಲಿ ದರ್ಶಿನಿ, ಮುಂಬಯಿಯಲ್ಲಿ ಹೋಟೆಲು, ಹುಬ್ಬಳ್ಳಿಯಲ್ಲಿ ಬೇಕರಿ, ಉಳಿದವರು ಗಲ್ಫಿನಲ್ಲಿ. ರಾತ್ರಿ ಶಟರು ಎಳೆದು, ಲೆಕ್ಕ ಮುಗಿಸಿ ಹತ್ತೂವರೆಗೆ ವಿಡಿಯೊ ಕಾಲ್ ಮಾಡುತ್ತಾರೆ. "ಮಗಾ, ಮೊಬೈಲ್ ಜಾಸ್ತಿ ಕಾಣುಕಾಗ, ಕಣ್ಣ್ ಹಾಳಾತ್ತ್." ಮಗ ಗೋಣು ಆಡಿಸುತ್ತಾನೆ. ಎಂಥ ವಿಧೇಯ ಮಗು, ರೆಪ್ಪೆ ಬಡಿಯದೆ ತನ್ನನ್ನೇ ನೋಡುತ್ತಿದೆ ಎಂದು ಅಪ್ಪಯ್ಯನಿಗೆ ಗಂಟಲು ಕಟ್ಟುತ್ತದೆ. ಅಪ್ಪಯ್ಯನ ಮುಖ ಪರದೆಯ ಬಲ ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟಾಗಿ ಕೂತಿದೆ. ಉಳಿದ ಜಾಗದಲ್ಲಿ ಪ್ಯಾರಾಚೂಟಿನಿಂದ ಜನ ಇಳಿಯುತ್ತಿದ್ದಾರೆ. ದೂರ ಇರುವ ತಪ್ಪಿಗೆ ಪರಿಹಾರವಾಗಿ ಅದೇ ಅಪ್ಪಯ್ಯ ಕಳೆದ ಆಯುಧ ಪೂಜೆಗೆ ಊರಿಗೆ ಬಂದಾಗ ತಂದ ಮೊಬೈಲು ಅದು. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲೆ ಬಂದರೆ ಇದಕ್ಕಿಂತ ದೊಡ್ಡದು ಕೊಡಿಸುವ ಮಾತೂ ಆಗಿದೆ. ಕುಡಿತ ಬಿಟ್ಟರೆ ಒಂದು ಪೆಟ್ಟಿಗೆ ಬಾಟಲಿ ಎಂದು ಯಾರೂ ಬಹುಮಾನ ಇಡುವುದಿಲ್ಲ. ಮೊಬೈಲಿಗೆ ಮಾತ್ರ ಈ ರಿಯಾಯಿತಿ.

ಊರಲ್ಲೇ ಇರುವ ಅಪ್ಪಯ್ಯನ ಸ್ಥಿತಿ ಬೇರೆ. ಅವರ ಮೊಬೈಲಿನ ಜೀಮೇಲ್ ಖಾತೆ ಮಾಡಿಕೊಟ್ಟವನು ಮಗ. ಬ್ಯಾಂಕಿನ ಆ್ಯಪ್ ಹಾಕಿದವನು ಮಗ. ಕರೆಂಟ್ ಬಿಲ್ಲು ಕಟ್ಟುವವನು, ಅಮ್ಮನ ಗೃಹಲಕ್ಷ್ಮಿ ದುಡ್ಡು ಬಿತ್ತೋ ಇಲ್ಲವೋ ನೋಡಿ ಹೇಳುವವನು, ಗ್ಯಾಸ್ ಬುಕ್ ಮಾಡುವವನು, ಒಟಿಪಿ ಓದಿ ಹೇಳುವವನು ಎಲ್ಲ ಅವನೇ. ಏಳನೇ ಕ್ಲಾಸಿನ ಈ ಐಟಿ ಅಧಿಕಾರಿಗೆ ಮನೆಯ ಎಲ್ಲ ಪಾಸ್‌ವರ್ಡು ಬಾಯಿಪಾಠ. ಮನೆಯ ಯಜಮಾನಿಕೆ ಯಾರದ್ದು ಎಂಬ ಬಗ್ಗೆ ಪಹಣಿ ಏನೇ ಹೇಳಲಿ. ಒಂದು ದಿನ ಅಪ್ಪಯ್ಯನಿಗೆ ಯಾರೋ ಸಲೂನಿನಲ್ಲಿ ಕೂತವರು ಹೇಳಿದರು, ಮಕ್ಕಳು ಆಟ ಆಡದ ಹಾಗೆ ಮೊಬೈಲಿಗೆ ಬೀಗ ಹಾಕಲು ಬರುತ್ತದೆ ಎಂದು. ಮನೆಗೆ ಬಂದವರೇ ಕರೆದರು:

"ಮಗಾ, ಇದ್ಕೆ ಎಂತೋ ಲಾಕ್ ಹಾಕುಕ್ ಆತ್ತಂಬ್ರಲ್ಲ?"

"ಆತ್ತ್ ಅಪ್ಪಯ್ಯ."

"ಹಂಗಾರೆ ಹಾಕಿ ಕೊಡ್ ಕಾಂಬ."

ಎರಡೇ ನಿಮಿಷ. ಹಾಕಿ ಕೊಟ್ಟ.

"ಪಿನ್ ಎಷ್ಟ್?"

"ಮರ್ತ್ ಹೋತ್ತ್ ಅಪ್ಪಯ್ಯ, ನಾನೇ ನೆನ್ಪ್ ಇಟ್ಕಂತೆ."

ಅಂದಿನಿಂದ ಆ ಮನೆಯಲ್ಲಿ ಮೊಬೈಲಿಗೆ ಬೀಗ ಇದೆ. ಸಂಜೆ ಏಳರ ಮೇಲೆ ಅಪ್ಪಯ್ಯನಿಗೆ ಯೂಟ್ಯೂಬ್ ತೆರೆಯುವುದಿಲ್ಲ.

ಆಟದ ಕಂಪನಿಗಳಿಗೂ ಮಕ್ಕಳ ಮೇಲೆ ಕಾಳಜಿ ಇಲ್ಲದಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳ ಪಟ್ಟಿಯಲ್ಲಿ ಪಬ್‌ಜಿ ಮೊಬೈಲನ್ನೂ ಸೇರಿಸಿ ನಿಷೇಧಿಸಿದಾಗ ನಮ್ಮ ತಾಯಂದಿರು ಹಾಲುಪಾಯಸ ಮಾಡುವುದೊಂದು ಬಾಕಿ. ಹತ್ತು ತಿಂಗಳು ಕಳೆದು 2021ರ ಜುಲೈ 2ಕ್ಕೆ ಅದೇ ಆಟ 'ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ' ಎಂದು ದೇಶದ ಹೆಸರು ಹೊತ್ತು ಬಂತು. ಮಕ್ಕಳ ಮನಸ್ಸು ಕೆಡಬಾರದೆಂದು ರಕ್ತಕ್ಕೆ ಹಸಿರು ಬಣ್ಣ ಬಳಿದಿದ್ದರು. 2022ರ ಜುಲೈಯಲ್ಲಿ ಅದನ್ನೂ ಆ್ಯಪ್ ಅಂಗಡಿಯಿಂದ ಇಳಿಸಿದರು. 2023ರ ಮೇಯಲ್ಲಿ ಮತ್ತೆ ಏರಿಸಿದರು. ಹದಿನೆಂಟರೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ ಇದೆ. ಅಪ್ಪ ಅಮ್ಮನ ಫೋನ್ ನಂಬರು ಕೊಡಬೇಕು. ಇನ್ನೊಂದು ಮಿತಿಯನ್ನು ಅವರು 2021ರಲ್ಲಿ ಬಂದಾಗಲೇ ಸಾರಿದ್ದರು: ಅಪ್ರಾಪ್ತರು ಆಟದಲ್ಲಿ ದಿನಕ್ಕೆ 7,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಓದಿ ನಿಜಕ್ಕೂ ಕೈ ಮುಗಿದೆ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಅಪ್ಪಯ್ಯ ಹೆಚ್ಚುಕಡಿಮೆ 19 ದಿನ ತೋಡಿನ ಹೂಳೆತ್ತಿ ತಂದದ್ದನ್ನು ಮಗ ಒಂದೇ ಸಂಜೆ ಕಳೆಯಬಹುದು, ಮಿತಿಗಿಂತ ಒಂದು ರೂಪಾಯಿ ಹೆಚ್ಚಾದರೆ ಮಾತ್ರ ಕಂಪನಿಯ ಕರುಳು ಚುರ್ರೆನ್ನುತ್ತದೆ.

ಈ ಮಿತಿಗಳೆಲ್ಲ ಯಾರಿಗೆ? ತನಗೆ ಹದಿನೆಂಟು ಆಗಿಲ್ಲ ಎಂದು ಒಪ್ಪಿಕೊಳ್ಳುವ ಮಗುವಿಗೆ. ವಯಸ್ಸು ಕೇಳುವ ಗುಂಡಿಯ ಎದುರು ಹರಿಶ್ಚಂದ್ರನಾಗುವ ಮಗು ಗಂಗೊಳ್ಳಿಯಲ್ಲೂ ಇಲ್ಲ, ಬಾರ್ಕೂರಿನಲ್ಲೂ ಇಲ್ಲ. ನಮ್ಮ ಏಳನೇ ಕ್ಲಾಸಿನ ಗಂಡು ಆಟದೊಳಗೆ 1984ರಲ್ಲಿ ಹುಟ್ಟಿದವನು. ಒಪ್ಪಿಗೆಯ ಸಂದೇಶ ಹೋಗುವ ಪೋಷಕರ ನಂಬರು ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮೇಲೆಯೇ ಹೇಳಿಯಾಯಿತು.

ದುಡ್ಡು ಹೋಗುವ ದಾರಿ ಭಾರಿ ನಾಜೂಕು. ಆಟ ಪುಕ್ಕಟೆ. ಒಳಗಿನ ಅಂಗಿ, ಬಂದೂಕಿನ ಬಣ್ಣ, ಹೆಲ್ಮೆಟ್ಟು ಪುಕ್ಕಟೆ ಅಲ್ಲ. ಅದನ್ನು ರೂಪಾಯಿ ಕೊಟ್ಟು ಕೊಳ್ಳುವಂತೆಯೂ ಇಲ್ಲ. ರೂಪಾಯಿಯನ್ನು ಮೊದಲು ಆಟದ ನಾಣ್ಯ ಮಾಡಿಕೊಳ್ಳಬೇಕು. ಮಾಡಿಕೊಂಡ ಮೇಲೆ ಎಷ್ಟು ಖರ್ಚಾಯಿತೆಂದು ಮಗುವಿಗಿರಲಿ, ಬ್ಯಾಂಕಿನ ಮ್ಯಾನೇಜರನಿಗೂ ತಕ್ಷಣ ತಿಳಿಯುವುದಿಲ್ಲ. ಕೆಲವನ್ನು ಹಾಗೆಯೂ ಕೊಡುವುದಿಲ್ಲ. ಒಂದು ಪೆಟ್ಟಿಗೆ ತೋರಿಸುತ್ತಾರೆ, ತೆರೆದರೆ ಒಳ್ಳೆಯದು ಬಂದರೂ ಬರಬಹುದು, ಬಾರದೆಯೂ ಇರಬಹುದು, ಇನ್ನೊಮ್ಮೆ ತೆರೆ ಎನ್ನುತ್ತಾರೆ. ದಿನಾ ಬಂದು ಹಾಜರಿ ಹಾಕಿದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ಶಾಲೆಗೆ ಜ್ವರದ ಚೀಟಿ ಬರೆಸಿಕೊಳ್ಳುವ ಮಗು ಇಲ್ಲಿ ಜ್ವರದಲ್ಲೂ ಹಾಜರು.

"ಇದು ಜುಗಾರಿಯೇ ಅಲ್ದಾ?" ಎಂದು ಅಪ್ಪಯ್ಯ ಸಿಟ್ಟಾಗುತ್ತಾರೆ. ಜುಗಾರಿ ವಿಷಯದಲ್ಲಿ ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಅನುಭವಸ್ಥರು. ಹಾಡಿಯಲ್ಲಿ ಕೋಳಿ ಅಂಕ, ಶೆಡ್ಡಿನಲ್ಲಿ ಅಂದರ್ ಬಾಹರ್, ಪೊಲೀಸರ ದಾಳಿ, ವಶಪಡಿಸಿಕೊಂಡ ಹುಂಜಗಳ ಸಮೇತ ನಗದು: ಈ ಸುದ್ದಿ ಇಲ್ಲದೆ ನಮ್ಮ ಕಡೆಯ ಪತ್ರಿಕೆಯ ಪುಟ ತುಂಬುವುದು ಕಷ್ಟ. ಕೋಳಿ ಮುಟ್ಟದ ಸಭ್ಯರಿಗೆ ಮೊಬೈಲಿನಲ್ಲಿ ರಮ್ಮಿ ಇತ್ತು, ಕ್ರಿಕೆಟ್ ತಂಡ ಕಟ್ಟಿ ದುಡ್ಡು ಹಾಕುವ ಆಟ ಇತ್ತು. ಅದು ಜುಗಾರಿ ಅಲ್ಲ, ಕೌಶಲ. ರಾಜ್ಯ ಸರ್ಕಾರ 2021ರ ಅಕ್ಟೋಬರಿನಲ್ಲಿ ಇಂಥವನ್ನು ನಿಷೇಧಿಸಿ ತಂದ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಕಲಮುಗಳನ್ನು ಹೈಕೋರ್ಟು 2022ರ ಫೆಬ್ರವರಿ 14ರಂದು ರದ್ದು ಮಾಡಿತು. ಮಕ್ಕಳ ನೆಚ್ಚಿನ ಫ್ರೀ ಫೈರ್ ಆಟ ನಿಷೇಧದ ಪಟ್ಟಿ ಸೇರಿದ ಸುದ್ದಿ ಬಂದದ್ದೂ ಅದೇ ದಿನ. ಒಂದೇ ಮನೆ, ಒಂದೇ ಸಂಜೆ: ಜಗಲಿಯಲ್ಲಿ ಅಪ್ಪಯ್ಯನ ಸಂಭ್ರಮ, ಒಳಗೆ ಮಗನ ಸೂತಕ.

ಅಪ್ಪಯ್ಯನ ಸೂತಕ 2025ರ ಆಗಸ್ಟಿನಲ್ಲಿ ಬಂತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನದಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಸಿದ್ಧ. ಆಡಿಸಿದವನಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟವನಿಗೆ ಎರಡು ವರ್ಷ, 50 ಲಕ್ಷ. ಕ್ರಿಕೆಟ್ ತಂಡದ ಎದೆಯ ಮೇಲಿದ್ದ ಡ್ರೀಮ್11 ಹೆಸರೇ ಹಾರಿಹೋಗಿ, ನಮ್ಮವರು ಏಷ್ಯಾ ಕಪ್ಪಿಗೆ ಖಾಲಿ ಅಂಗಿಯಲ್ಲಿ ಇಳಿದರು. ಆಡಿದವನಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ, ಅವನನ್ನು ಸಂತ್ರಸ್ತ ಎಂದೇ ನೋಡುತ್ತಾರೆ. ಸರಿಯೇ. ಆದರೆ ಹದಿಮೂರು ವರ್ಷದವನು 300 ರೂಪಾಯಿಯ ಬಣ್ಣದ ಬಂದೂಕು ಕೊಂಡು ಸಿಕ್ಕಿಬಿದ್ದ ದಿನ ಈ ಸಂತ್ರಸ್ತ ಅಪ್ಪಯ್ಯನೇ ಹುಣಸೆ ಅಡರು ಮುರಿದುಕೊಂಡು ಬಂದರಲ್ಲ, ಸಂತ್ರಸ್ತ ಪಟ್ಟ ಅಪ್ಪನಿಂದ ಮಗನಿಗೆ ಇಳಿಯುವುದಿಲ್ಲವೇ?

ಇಷ್ಟೆಲ್ಲ ಆದ ಮೇಲೆ ಊರಿನಲ್ಲಿ ಜಾಗೃತಿ ಆಗದೆ ಇರುತ್ತದೆಯೇ? ನಮ್ಮ ತಾಲೂಕಿನ ಶಾಲೆಯೊಂದರಲ್ಲಿ 'ಮಕ್ಕಳು ಮತ್ತು ಮೊಬೈಲ್' ಎಂಬ ಪೋಷಕರ ಸಭೆ ನಡೆಯಿತು. ಕರೆಯೋಲೆ ಬಂದದ್ದು ಎಲ್ಲಿಗೆಂದು ಕೇಳಬೇಡಿ. ಹತ್ತಕ್ಕೆಂದ ಸಭೆ ಹನ್ನೊಂದೂಕಾಲಕ್ಕೆ ಶುರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಹಚ್ಚುವುದು, ಹಚ್ಚಿದ ದೀಪ ಫ್ಯಾನಿನ ಗಾಳಿಗೆ ಆರಿದ್ದು, ಮತ್ತೆ ಹಚ್ಚಿ ಮತ್ತೆ ಫೋಟೊ ತೆಗೆದದ್ದು. ಸಂಪನ್ಮೂಲ ವ್ಯಕ್ತಿಗಳು ಕುತ್ತಿಗೆಗೆ ಸಿಕ್ಕಿಸಿದ ಮೈಕಿನಲ್ಲಿ ಪಿಪಿಟಿ ಬಿಡಿಸುತ್ತ ಮಿದುಳಿನ ಚಿತ್ರ ತೋರಿಸಿದರು. ಚಿತ್ರದಲ್ಲಿ ಕೆಂಪಾದ ಭಾಗವೆಲ್ಲ ಮೊಬೈಲಿನಿಂದ ಹಾಳಾದದ್ದು ಎಂದರು. ನನ್ನ ಎದುರು ಸಾಲಿನ ಪೋಷಕರೊಬ್ಬರು ಆಮಂತ್ರಣ ಪತ್ರಿಕೆಯನ್ನು ಎರಡಾಗಿ ಮಡಚಿ, ಒಳಗೆ ಮೊಬೈಲಿಟ್ಟು, ಭಕ್ತಿಯಿಂದ ತಲೆ ಬಗ್ಗಿಸಿದ್ದರು. ಪಕ್ಕದ ತಾಯಿ ಆ ಕೆಂಪು ಮಿದುಳಿನ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿ, ಯಾರು ಯಾರು ನೋಡಿದರು ಎಂದು ನಿಮಿಷಕ್ಕೊಮ್ಮೆ ಪರೀಕ್ಷಿಸುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಭಾಷಣದ ಕೊನೆಯ ಎರಡು ಸ್ಲೈಡು ಚೆನ್ನಾಗಿತ್ತು. ಪ್ಲೇ ಸ್ಟೋರಿನಲ್ಲಿ ಪ್ರತಿ ಆಟದ ಕೆಳಗೆ 3, 7, 12, 16, 18 ಎಂದು ವಯಸ್ಸು ಬರೆದಿರುತ್ತದೆ, ಹಾಕುವ ಮೊದಲು ಅದನ್ನು ಓದಿ ಎಂದಿದ್ದರು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವ ಸೆಟ್ಟಿಂಗ್ ತೋರಿಸಿದರು. ಗೂಗಲಿನ ಫ್ಯಾಮಿಲಿ ಲಿಂಕ್ ಆ್ಯಪಿನಲ್ಲಿ ಮಗುವಿಗೆ ಅದರದ್ದೇ ವಯಸ್ಸಿನ ಖಾತೆ ಮಾಡಿ, ಆಟದ ಹೊತ್ತನ್ನೂ ಮಲಗುವ ಹೊತ್ತನ್ನೂ ದೊಡ್ಡವರ ಮೊಬೈಲಿನಿಂದ ಗೊತ್ತುಮಾಡಬಹುದು ಎಂದರು. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲೇ ಹೊರಡಿಸಿದ ಸಲಹೆಗಳೂ ಅದರಲ್ಲಿದ್ದವು: ಆಟಕ್ಕೆ ನಿಜ ಹೆಸರು ಕೊಡಬೇಡಿ, ಅಪರಿಚಿತರೊಡನೆ ಮಾತು ಬೇಡ, ಕಾರ್ಡ್ ನಂಬರು ಉಳಿಸಿಡಬೇಡಿ, ಮನೆಯವರೆಲ್ಲ ಕೂರುವ ಜಾಗದಲ್ಲೇ ಆಡಲಿ. ದುಡ್ಡು ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ ಎಂದು ಕೊನೆಯ ಸಾಲು. ಆದರೆ ಆ ಸ್ಲೈಡ್ ಬರುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಗೋಳಿಬಜೆಯ ಪರಿಮಳ ಬಂದಿತ್ತು. ಸಭೆ ಅರ್ಧ ಖಾಲಿ. ಉಳಿದವರು ನಿಂತುಕೊಂಡೇ ಒಂದು ನಿರ್ಣಯ ಮಾಡಿದರು: ಈ ವಿಷಯವನ್ನು ಮುಂದೆ ಚರ್ಚಿಸಲು ಒಂದು ವಾಟ್ಸ್‌ಆ್ಯಪ್ ಗ್ರೂಪು.

ಆ ಗ್ರೂಪಿನಲ್ಲಿ ಮೊದಲ ದಿನವೇ ಒಂದು ಫಾರ್ವರ್ಡ್ ಬಂತು. ನಾವು ಸಣ್ಣದಿರುವಾಗ ಹಾಣೆಗೆಂಡೆ (ಚಿನ್ನಿದಾಂಡು) ಆಡುತ್ತಿದ್ದೆವು, ಲಗೋರಿ ಆಡುತ್ತಿದ್ದೆವು, ಚೆನ್ನೆಮಣೆ ಆಡುತ್ತಿದ್ದೆವು, ಈಗಿನ ಮಕ್ಕಳಿಗೆ ಆ ಭಾಗ್ಯ ಇಲ್ಲ ಎಂದು. ಕಳಿಸಿದವರು ಹೋದ ವರ್ಷ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದವರು. ಆ ಅಂಗಳದಲ್ಲಿ ಹಾಣೆಗೆಂಡೆಗೆ ಗುಳಿ ತೋಡಲು ಗಾರೆಯವನನ್ನೇ ಕರೆಸಬೇಕು. ಮೇಲಾಗಿ ಅಲ್ಲಿ ಕಾರು ನಿಂತಿದೆ, ಗಾಜಿಗೆ ಗೆಂಡೆ ಬಿದ್ದರೆ ಹಾಣೆ ಯಾರ ಬೆನ್ನಿಗೆ ಬೀಳುತ್ತದೆಂದು ಮಕ್ಕಳಿಗೆ ಗೊತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಕ್ರಿಕೆಟ್ ಆಡೋಣವೆಂದರೆ ಗದ್ದೆ ಸೈಟಾಗಿದೆ, ಸುತ್ತ ಕೆಂಪು ಕಲ್ಲಿನ ಕಾಂಪೌಂಡು, ಅದರ ತಲೆಗೆ ಒಡೆದ ಬಾಟಲಿ ಚೂರು. ಚೆಂಡು ಆಚೆ ಬಿದ್ದರೆ ಮಾಲಕರು ಪುಣೆಯಲ್ಲಿದ್ದಾರೆ. ಶಾಲೆಯ ಮೈದಾನ ಇದೆ, ಅಲ್ಲಿ ದೊಡ್ಡವರಿಗೆ ಹೊನಲು ಬೆಳಕಿನ ಟೂರ್ನಮೆಂಟು. ಮಕ್ಕಳಿಗೆ ಬೌಂಡರಿ ಗೆರೆಯಾಚೆ ಚೆಂಡು ಹೆಕ್ಕುವ ಅವಕಾಶ. ಜೂನಿನಿಂದ ಸೆಪ್ಟೆಂಬರಿನವರೆಗೆ ಹೇಗೂ ಮಳೆ.

ವರ್ಷಕ್ಕೊಮ್ಮೆ ಮಾತ್ರ ನಾವು ಉದಾರಿಗಳು. ಆಸಾಡಿ ಅಮಾಸೆಗೆ ವಿಶ್ವ ಕುಂದಾಪ್ರ ಕನ್ನಡ ದಿನ ಬಂದಾಗ ಮಕ್ಕಳನ್ನು ಕೆಸರು ಗದ್ದೆಗೆ ಇಳಿಸಿ, ಬೀಳಿಸಿ, ಎಬ್ಬಿಸಿ, ನಾಲ್ಕು ದಿಕ್ಕಿನಿಂದ ರೀಲ್ ತೆಗೆಯುತ್ತೇವೆ. ಅದೇ ಕೆಸರು ಕಾಲಿನಲ್ಲಿ ಮರುದಿನ ಅಂಗಳಕ್ಕೆ ಬಂದರೆ ಬಯ್ಗುಳ, ಅದೂ ಶುದ್ಧ ಕುಂದಾಪ್ರ ಕನ್ನಡದಲ್ಲಿ. ಉಳಿದ ದಿನಗಳಲ್ಲಿ ಶಾಲೆ, ಶಾಲೆ ಬಿಟ್ಟರೆ ಟ್ಯೂಷನ್, ಭಾನುವಾರ ಸ್ಪೆಷಲ್ ಕ್ಲಾಸು. ಆಟದ ಪೀರಿಯಡ್ಡಿಗೆ ಗಣಿತದ ಮಾಸ್ಟ್ರು ಬರುತ್ತಾರೆ. ಫಲ ಸಿಗದೆ ಇಲ್ಲ: 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲು, 2025ರ ಪಿಯುಸಿಯಲ್ಲೂ ಮೊದಲು. ರಾತ್ರಿ ಒಂಬತ್ತೂವರೆಗೆ ಉಂಡು, ಕಂಬಳಿಯೊಳಗೆ ನುಗ್ಗಿ, ಆ ಮಗು ಓಡುವುದೊಂದೇ ದಾರಿ, ಅದು ಬೆರಳಿನಲ್ಲಿ. ಓಡಬೇಡ ಎನ್ನಲು ನಮಗೆ ಮುಖ ಬೇಕು.

ಇಷ್ಟರ ಮೇಲೆ ರೋಗ ಹೆಸರಿಸುವ ಉತ್ಸಾಹ. ಪರೀಕ್ಷೆ ಮುಗಿದ ಮರುದಿನ ಎರಡು ಗಂಟೆ ಆಡಿದರೂ "ಅಡಿಕ್ಟ್ ಆಯ್ದ" ಎಂದು ಊರಿಗೆಲ್ಲ ಸಾರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದ್ದು ಹೌದು, ಆ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದರೆ ಅವರು ಹೇಳುವುದು ಇಷ್ಟು ಸಸಾರವಾಗಿ ಅಲ್ಲ. ಆಟದ ಮೇಲೆ ಹಿಡಿತವೇ ತಪ್ಪಿರಬೇಕು, ಊಟ ನಿದ್ದೆ ಓದು ಗೆಳೆಯರು ಎಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಕೆಡುಕಾಗುತ್ತಿದೆ ಎಂದು ಕಂಡರೂ ನಿಲ್ಲದಿರಬೇಕು, ಇದು ಸಾಮಾನ್ಯವಾಗಿ 12 ತಿಂಗಳು ನಡೆದಿರಬೇಕು. ಅಂಥ ಮಕ್ಕಳು ಇದ್ದಾರೆ, ಅವರ ಮನೆಯವರ ಸಂಕಟ ತಮಾಷೆಯದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್' ಕ್ಲಿನಿಕ್ ತೆರೆಯಿತು. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನಲ್ಲಿ ಪುಕ್ಕಟೆಯಾಗಿ, ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ನಮ್ಮವರು ಮೊದಲು ಹೋಗುವುದು ಜೋಯಿಸರಲ್ಲಿಗೆ. ಜೋಯಿಸರು ಮಗುವಿನ ನಕ್ಷತ್ರ ಕೇಳಿ, ಮೊಬೈಲಿನಲ್ಲಿ ಪಂಚಾಂಗದ ಆ್ಯಪ್ ತೆರೆದು, ನಡುವೆ ಬಂದ ರಮ್ಮಿಯ ಹಳೇ ಜಾಹೀರಾತನ್ನು ಕಿರುಬೆರಳಿನಲ್ಲಿ ಪಕ್ಕಕ್ಕೆ ಸರಿಸಿ, ರಾಹು ಎಂದರು. ಮನೆಯವರು ನೂಲು ಕಟ್ಟಿಸಿ ತಂದರು. ಬಲಗೈ ಮಣಿಕಟ್ಟಿನ ನೂಲು ಗುರಿ ಹಿಡಿಯಲು ಅಡ್ಡವಾಗುತ್ತದೆಂದು ಮಗು ಅದನ್ನು ಎಡಗೈಗೆ ಬದಲಾಯಿಸಿಕೊಂಡಿದೆ.

ಉಳಿದವರ ಚಿಕಿತ್ಸೆ ಕಿತ್ತುಕೊಳ್ಳುವುದು. ಹೇಳದೆ ಕೇಳದೆ ಹಿಂದಿನಿಂದ ಬಂದು ಪಟಕ್ಕನೆ. ಈ ಆಟಗಳ ಒಂದು ಸುತ್ತು ಮುಗಿಯಲು ಅರ್ಧ ಗಂಟೆಯವರೆಗೂ ಬೇಕಾಗಬಹುದು, ನಡುವೆ ತಡೆದು ನಿಲ್ಲಿಸಲು ಬರುವುದಿಲ್ಲ, ಒಬ್ಬ ಬಿಟ್ಟರೆ ಜೊತೆಗಿರುವ ಮೂವರ ಬಲ ಕುಗ್ಗುತ್ತದೆ. ಇದು ತಿಳಿಯದೆ "ಐದೇ ನಿಮಿಷ" ಎಂದು ಗಡಿಯಾರ ಇಡುತ್ತೇವೆ. ಐದು ನಿಮಿಷಕ್ಕೆ ಅವನು ಪ್ಯಾರಾಚೂಟು ಬಿಟ್ಟು ನೆಲಕ್ಕೆ ಇಳಿದಿರುತ್ತಾನೆ ಅಷ್ಟೆ. ಮಂದಾರ್ತಿ ಮೇಳದ ಯಕ್ಷಗಾನ ಆಟದಲ್ಲಿ ಭಾಗವತರು ಪದ್ಯದ ಅರ್ಧದಲ್ಲಿರುವಾಗ, ಹೊತ್ತಾಯಿತೆಂದು ಯಾರಾದರೂ ಬಂದು ಸೌಂಡ್ ಬಾಕ್ಸಿನ ವೈರು ಕಿತ್ತರೆ ಚೌಕಿಯವರೆಗೆ ಅಟ್ಟಿಸಿಕೊಂಡು ಹೋಗಿ ಹೊಡೆಯುವ ಜನ ನಾವು. ಮಗು ಒಮ್ಮೆ ಕಿರುಚಿದರೆ ಅದಕ್ಕೆ ಮಿದುಳು ಕೆಂಪಾಯಿತು ಎನ್ನುತ್ತೇವೆ.

ಬೈಂದೂರು ಕಡೆಯ ಒಂದು ಮನೆಯಲ್ಲಿ ಮಾತ್ರ ಬೇರೆಯೇ ನಡೆದಿದೆ. ಅಲ್ಲಿ ಅಪ್ಪ ಬೆಂಗಳೂರು, ಅಮ್ಮನಿಗೆ ಗೇರುಬೀಜದ ಫ್ಯಾಕ್ಟರಿ ಕೆಲಸ, ಮನೆಯಲ್ಲಿ ಅಜ್ಜಿ. ಸಭೆ ಗಿಭೆ ಎಂದು ಹೋದವರಲ್ಲ. ಸಂಜೆ ಹೊತ್ತು ಹೋಗದೆ ಮೊಮ್ಮಗನ ಪಕ್ಕ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತುಬಿಡುತ್ತಾರೆ. ಕೂತವರು ಸುಮ್ಮನೆ ಕೂರುವುದಿಲ್ಲ.

"ಇಂವ ಯಾರ್ ಮಗಾ?"

"ಎನಿಮಿ ಅಜ್ಜಿ."

"ನಿಂಗೆಂತ ಮಾಡಿದ್ದ?"

"ಎಂತ ಮಾಡ್ಲಿಲ್ಲ."

"ಮತ್ತೆ ಎಂತಕ್ ಹೊಡುದ್?"

ಉತ್ತರ ಕೊಡುವಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಬ್ಬ ಎನಿಮಿ ಮೊಮ್ಮಗನನ್ನು ಮುಗಿಸಿದ. ಅಜ್ಜಿಗೆ ಅದರ ಬೇಸರ ಇಲ್ಲ, ಅವರ ವಿಚಾರಣೆ ಮುಂದುವರಿಯಿತು. ಕಿವಿಗೆ ಹಾಕಿದ ವೈರಿನಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದವನು ಯಾರು? ಅವನ ಊರು ಯಾವುದು? ಯಾರ ಮನೆಯವ? "ಊರ್ ಮನಿ ಗೊತ್ತಿಲ್ದಿದ್ದವ್ನೊಟ್ಟಿಗ್ ಆಡುದಾ? ಎಷ್ಟ್ ಪ್ರಾಯ ಅವ್ನಿಗ್?" ಮೊಮ್ಮಗ ಆಟದಲ್ಲಿ ಕೇಳಿದ. ಆ ಕಡೆಯವನು ಪ್ರಾಯ ಹೇಳಲಿಲ್ಲ, ಬೇಕಿದ್ದರೆ ಪುಕ್ಕಟೆಯಾಗಿ ನಾಣ್ಯ ಕಳಿಸುತ್ತೇನೆ, ನಿನ್ನ ಖಾತೆಯ ಪಾಸ್‌ವರ್ಡ್ ಕೊಡು ಎಂದ. ಗಂಡು ಕುಣಿದಾಡುತ್ತ ಅಜ್ಜಿಗೆ ಇದನ್ನು ಕನ್ನಡ ಮಾಡಿ ಹೇಳಿದ. ಅಜ್ಜಿ ಜಗಿಯುವುದನ್ನು ನಿಲ್ಲಿಸಿದರು. "ಪುಕ್ಕಟೆ ಎಂತಕ್ ಕೊಡ್ತ? ಅವ್ನಿಗ್ ಮನಿ ಮಠ ಇಲ್ದಾ? ತೆಗಿ ಅವ್ನ್ನ." ಕಿರುಬಂದರು ಕಟ್ಟೆಯಲ್ಲಿ ನಲವತ್ತು ವರ್ಷ ಮೀನು ಚೌಕಾಸಿ ಮಾಡಿದ ಹೆಂಗಸು, ಪುಕ್ಕಟೆ ಕೊಡುವವನನ್ನು ಗುರುತಿಸಲು ಅವರಿಗೆ ಪಿಪಿಟಿ ಬೇಕಾಗಲಿಲ್ಲ. ಅವನನ್ನು ಅಲ್ಲೇ ಬ್ಲಾಕ್ ಮಾಡಿಸಿದರು.

ಹೊತ್ತಿನ ಲೆಕ್ಕವನ್ನೂ ಅವರು ಗಡಿಯಾರದಿಂದ ಮಾಡುವುದಿಲ್ಲ. ಶುರುವಿಗೆ ಮೊದಲು ನೆಲದ ಮೇಲೆ ಮೂರು ಅಡಿಕೆ ಇಡುತ್ತಾರೆ. ಒಂದು ಆಟ ಮುಗಿದರೆ ಒಂದು ಅಡಿಕೆ ತಟ್ಟೆಗೆ ವಾಪಸು. ಗೆದ್ದದ್ದಕ್ಕೂ ಸೋತದ್ದಕ್ಕೂ ಒಂದೇ ಅಡಿಕೆ. ಮೂರನೆಯದನ್ನು ಅಡಕತ್ತರಿಗೆ ಹಾಕಿ ಬಾಯಿಗೆ ಎಸೆದುಕೊಂಡರೆ ಮುಗಿಯಿತು, ಮೇಲ್ಮನವಿಗೆ ಅವಕಾಶ ಇಲ್ಲ. ರಾತ್ರಿ ಮೊಬೈಲು ಚಾರ್ಜಿಗೆ ಇರುವುದು ಅಜ್ಜಿಯ ತಲೆದೆಸೆಯಲ್ಲಿ. ಬೀಗವಿಲ್ಲ, ಪಿನ್ನಿಲ್ಲ, ಅಜ್ಜಿಗೆ ನಿದ್ದೆ ಕಡಿಮೆ. ಪ್ರಶ್ನೆಗಳ ಕಾಟ ತಡೆಯಲಾರದೆ ಹುಡುಗ ಕೆಲವು ದಿನ ಎರಡನೇ ಅಡಿಕೆಗೇ ಎದ್ದು ಪಕ್ಕದ ಮನೆಯ ಗಂಡಿನೊಟ್ಟಿಗೆ ತೋಡಿನ ಕಡೆ ಹೋದದ್ದುಂಟು. ಅವನು ಹೋದ ಮೇಲೆ ಅಜ್ಜಿ ಒಬ್ಬರೇ ಅದರಲ್ಲಿ ಲೂಡೊ ಆಡುತ್ತಾರೆ ಎಂದು ಸೊಸೆ ದೂರುತ್ತಾಳೆ. ಅದರ ಸತ್ಯಾಸತ್ಯತೆಗೆ ನಾನು ಹೋಗುವುದಿಲ್ಲ.

ಸುದ್ದಿ ಶಾಲೆಗೆ ಮುಟ್ಟಿ, ಮುಂದಿನ ಪೋಷಕರ ಸಭೆಗೆ ಅಜ್ಜಿಯನ್ನೇ ಕರೆಸುವುದೆಂದು ತೀರ್ಮಾನವಾಗಿದೆ. ಸಂಪನ್ಮೂಲ ವ್ಯಕ್ತಿ ಎಂದ ಮೇಲೆ ಪರಿಚಯ ಪತ್ರ ಬೇಕು, ಗೌರವಧನಕ್ಕೆ ಪ್ಯಾನ್ ಕಾರ್ಡ್ ಬೇಕು, ಪೆನ್‌ಡ್ರೈವಿನಲ್ಲಿ ಪಿಪಿಟಿ ಬೇಕೇ ಬೇಕು ಎಂದು ಮುಖ್ಯೋಪಾಧ್ಯಾಯರು ಹೇಳಿ ಕಳಿಸಿದ್ದಾರೆ. ಪಿಪಿಟಿಯನ್ನು ಮೊಮ್ಮಗ ಮಾಡಿಕೊಡಲು ತಯಾರಿದ್ದಾನೆ, ಆದರೆ ಅದಕ್ಕೆ ದಿನಕ್ಕೆ ಇನ್ನೂ ಎರಡು ಅಡಿಕೆ ಹೆಚ್ಚು ಇಡಬೇಕಂತೆ. ಅಜ್ಜಿ ಒಂದಕ್ಕೆ ಬಂದು ನಿಂತಿದ್ದಾರೆ.